ಗೇಮ್ ಬಾಯ್ ಅಡ್ವಾನ್ಸ್‌ಗೆ ಡೆಮೊ ಬರೆದು ಸ್ಪರ್ಧೆಗೆ ಕಳಿಸುವುದು ಹೇಗೆ?

ಮುಂಬೈ, ಪುಣೆ, ಮಡಗಾಂವ್ ಕಡೆ ಇರುವ ಕನ್ನಡದ ಹುಡುಗರು ಹುಡುಗಿಯರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಗೇಮ್ ಬಾಯ್ ಅಡ್ವಾನ್ಸ್ ಅನ್ನುವ ಹಳೆಯ ಕನ್ಸೋಲ್‌ಗೆ, ಅಂದರೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಗೇಮ್ ಯಂತ್ರಕ್ಕೆ, ಡೆಮೊ ಬರೆದು ಸ್ಪರ್ಧೆಗೆ ಕಳಿಸಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡಲಿ? ಕನ್ಸೋಲ್ ಕೊಳ್ಳಲೇಬೇಕಾ? ಅಸೆಂಬ್ಲಿ ಭಾಷೆ ಬರಲೇಬೇಕಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮಗೆ ಸಿ ಭಾಷೆಯಲ್ಲಿ ಲೂಪ್, ಅರೇ, ಪಾಯಿಂಟರ್ ಗೊತ್ತಿದ್ದರೆ ಸಾಕು. ಉಳಿದದ್ದು ದಾರಿಯಲ್ಲೇ ಕಲಿಯಬಹುದು.

ಮೊದಲು ಡೆಮೊ ಅಂದರೇನು ಅಂತ ನೋಡೋಣ. ಅದು ಆಟ ಅಲ್ಲ, ವಿಡಿಯೊ ಕೂಡ ಅಲ್ಲ. ಯಂತ್ರವೇ ಆ ಕ್ಷಣದಲ್ಲಿ ಲೆಕ್ಕ ಹಾಕಿ ಬಿಡಿಸುವ ಚಿತ್ರ, ಜೊತೆಗೆ ಸಂಗೀತ. ನೋಡುವವರು ಬಟನ್ ಒತ್ತಬೇಕಾಗಿಲ್ಲ, ಸುಮ್ನೆ ನೋಡಿದರಾಯಿತು. ಈ ಹವ್ಯಾಸ ಹಬ್ಬಿದ್ದು 1980ರ ದಶಕದ ಯುರೋಪಿನ ಮನೆ ಕಂಪ್ಯೂಟರ್‌ಗಳಲ್ಲಿ. 2020ರಲ್ಲಿ ಫಿನ್ಲೆಂಡ್ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು, 2021ರಲ್ಲಿ ಜರ್ಮನಿಯೂ ಸೇರಿಸಿತು. ಸ್ಪರ್ಧೆಗೆ ಈ ವಲಯದಲ್ಲಿ ‘ಕಾಂಪೊ’ ಅನ್ನುತ್ತಾರೆ. ಕಾಂಪೊಗಳು ನಡೆಯುವ ಕೂಟಕ್ಕೆ ‘ಡೆಮೊ ಪಾರ್ಟಿ’ ಅಂತ ಹೆಸರು. ಜರ್ಮನಿಯಲ್ಲಿ ಈಸ್ಟರ್ ಹೊತ್ತಿಗೆ ನಡೆಯುವ ರಿವಿಷನ್, ಫಿನ್ಲೆಂಡಿನ ಅಸೆಂಬ್ಲಿ, ಇವೆರಡು ದೊಡ್ಡವು. ಇವಲ್ಲದೆ ಈ ಒಂದೇ ಕನ್ಸೋಲ್‌ಗಾಗಿ ಅಂತರ್ಜಾಲದಲ್ಲೇ ನಡೆಯುವ ಸ್ಪರ್ಧೆಗಳೂ ಉಂಟು. 2021ರಲ್ಲಿ ಹವ್ಯಾಸಿಗಳ ಆಟಗಳನ್ನು ಹಂಚುವ ಇಚ್ ತಾಣದಲ್ಲಿ ನಡೆದ ಜಿಬಿಎ (ಗೇಮ್ ಬಾಯ್ ಅಡ್ವಾನ್ಸ್) ಜ್ಯಾಮ್ ಅಂಥದ್ದು.

ಹೊಸಬರು ಎಡವುವ ಜಾಗ ಒಂದೇ. ಹತ್ತು ಎಫೆಕ್ಟ್ (ಪರದೆಯ ಮೇಲೆ ಓಡುವ ಚಿತ್ರದ ಕರಾಮತ್ತು) ಹಾಕೋಣ ಅಂತ ಹೊರಡುತ್ತಾರೆ, ಒಂದೂ ಪೂರ್ತಿಯಾಗುವುದಿಲ್ಲ, ಕೊನೆಯ ದಿನ ಬಂದುಬಿಡುತ್ತದೆ. ಹಾಗಾಗಿ ಈ ಲೇಖನ ಒಂದೇ ಎಫೆಕ್ಟ್‌ನ, ಎರಡು ನಿಮಿಷ ಮೀರದ, ಮುಗಿದ ಡೆಮೊ ಬಗ್ಗೆ. ಒಂದನ್ನು ಯಂತ್ರದ ಅಳತೆಗೆ ಸರಿಯಾಗಿ ಕೂರಿಸುವುದು ಕಲಿತರೆ ಉಳಿದ ಒಂಬತ್ತು ಆಮೇಲೆ ತಾವಾಗಿ ಬರುತ್ತವೆ.

ಯಂತ್ರದ ಅಳತೆ ಎಷ್ಟು?

ಗೇಮ್ ಬಾಯ್ ಅಡ್ವಾನ್ಸ್ ಬಂದದ್ದು 2001ರಲ್ಲಿ. ಒಳಗಿರುವುದು ಎಆರ್‌ಎಂ7 ಚಿಪ್, ವೇಗ ಸುಮಾರು 16.78 ಮೆಗಾಹರ್ಟ್ಸ್. ಪರದೆ 240×160 ಚುಕ್ಕೆ, ಬಣ್ಣ 32,768. ಒಳಗಿನ ವೇಗದ ಮೆಮೊರಿ 32 ಕೆಬಿ ಮಾತ್ರ. ಅದಕ್ಕೆ ಐ-ವರ್ಕ್ ರ್ಯಾಮ್ ಅನ್ನುತ್ತಾರೆ. ಹೊರಗಿನದು 256 ಕೆಬಿ, ಇ-ವರ್ಕ್ ರ್ಯಾಮ್, ಅದು ನಿಧಾನ. ಅಡುಗೆಮನೆಯಲ್ಲಿ ಒಲೆ ಪಕ್ಕದ ಕಟ್ಟೆಗೂ ಅಟ್ಟಕ್ಕೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇರುವುದು. ಕೈಗೆ ತಕ್ಷಣ ಬೇಕಾದದ್ದು ಕಟ್ಟೆಯ ಮೇಲಿರಬೇಕು. ಚಿತ್ರಕ್ಕೆಂದೇ 96 ಕೆಬಿ ವಿಡಿಯೊ ಮೆಮೊರಿ ಬೇರೆ ಇದೆ.

ಈ ಚಿಪ್‌ಗೆ ದಶಾಂಶ ಲೆಕ್ಕ ಮಾಡುವ ಭಾಗ ಇಲ್ಲ. ಭಾಗಾಕಾರದ ಆಜ್ಞೆಯೂ ಇಲ್ಲ. ಸಿ ಭಾಷೆಯಲ್ಲಿ ಫ್ಲೋಟ್ ಅಂತ ಬರೆದರೆ ಕಂಪೈಲರ್ ಬೈಯುವುದಿಲ್ಲ, ಓಡುತ್ತದೆ ಕೂಡ, ಆದರೆ ಪ್ರತಿ ಲೆಕ್ಕಕ್ಕೂ ಒಂದು ಉದ್ದದ ಫಂಕ್ಷನ್ ಒಳಗೊಳಗೇ ನಡೆದು ಎಲ್ಲ ಆಮೆನಡಿಗೆ ಆಗಿಬಿಡುತ್ತದೆ. ಇದನ್ನು ಮೊದಲ ದಿನದಿಂದಲೇ ನೆನಪಿಡಿ.

ಏನೇನು ಬೇಕು?

ಒಂದು ಸಾಧಾರಣ ಲ್ಯಾಪ್‌ಟಾಪ್. ಡೆವ್‌ಕಿಟ್‌ಪ್ರೊ ತಂಡದ ಡೆವ್‌ಕಿಟ್‌ಎಆರ್‌ಎಂ, ಇದು ಕಂಪೈಲರ್. ಎಂಜಿಬಿಎ, ಇದು ಎಮ್ಯುಲೇಟರ್, ಅಂದರೆ ಕನ್ಸೋಲ್‌ನಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್. ಟಾಂಕ್ ಅನ್ನುವ ಪಾಠಮಾಲೆ, ಈ ಯಂತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ. ಸಂಗೀತಕ್ಕೆ ಓಪನ್‌ಎಂಪಿಟಿ ಅಥವಾ ಮಿಲ್ಕಿಟ್ರ್ಯಾಕರ್. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಬಯಾಸ್ (ಕನ್ಸೋಲ್ ಒಳಗೇ ಇರುವ ಮೂಲ ಪ್ರೋಗ್ರಾಂ) ಫೈಲ್ ಬೇಕು ಅಂತ ಎಲ್ಲೆಲ್ಲೋ ಹುಡುಕಲು ಹೋಗಬೇಡಿ. ಎಂಜಿಬಿಎ ಒಳಗೆ ಅದರ ಕೆಲಸ ಮಾಡುವ ಬದಲಿ ಇದ್ದೇ ಇದೆ. ಕನ್ಸೋಲ್ ಶುರುವಿಗೆ ಬೇಡ, ಆದರೆ ಕೊನೆಯ ಹಂತದಲ್ಲಿ ಒಂದು ಸಿಕ್ಕರೆ ಬಹಳ ಒಳ್ಳೆಯದು. ಆ ಮಾತು ಏಳನೇ ಹಂತದಲ್ಲಿ.

ಡೆಕ್ಕನ್ ಕ್ವೀನ್‌ನಲ್ಲೋ ಕೊಂಕಣ ರೈಲಿನಲ್ಲೋ ಕೂತು ಕೋಡ್ ಬರೆಯುವವರು ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಘಾಟಿಯ ಸುರಂಗಗಳಲ್ಲಿ ನೆಟ್ ಸಿಗುವುದಿಲ್ಲ, ಯಾವ ರಿಜಿಸ್ಟರ್‌ನ (ಯಂತ್ರದ ಸೆಟ್ಟಿಂಗ್ ಇರುವ ಮೆಮೊರಿ ಜಾಗದ) ಯಾವ ಬಿಟ್ ಏನು ಅನ್ನುವುದು ಸರಿಯಾಗಿ ಅಲ್ಲೇ ಬೇಕಾಗುತ್ತದೆ.

1. ನಿಯಮಗಳನ್ನು ಪೂರ್ತಿ ಓದಿ

ಕೋಡ್ ಮುಟ್ಟುವ ಮೊದಲೇ ಈ ಕೆಲಸ. ನೋಡಬೇಕಾದ್ದು ಇಷ್ಟು: ಫೈಲ್ ಎಷ್ಟು ದೊಡ್ಡದಿರಬಹುದು, ಎಷ್ಟು ನಿಮಿಷ ಓಡಬಹುದು, ಹೊರಗಿನಿಂದ ಕಳಿಸಬಹುದೋ ಅಥವಾ ಅಲ್ಲೇ ಹಾಜರಿರಬೇಕೋ, ಮೊದಲೇ ಬೇರೆ ಕಡೆ ತೋರಿಸಿದ್ದು ನಡೆಯುತ್ತದೋ, ಎಐ ಬಳಸಿ ಮಾಡಿದ ಚಿತ್ರ ಸಂಗೀತ ಒಪ್ಪುತ್ತಾರೋ. ದೊಡ್ಡ ಪಾರ್ಟಿಗಳಲ್ಲಿ ಗೇಮ್ ಬಾಯ್‌ಗೆಂದೇ ಪ್ರತ್ಯೇಕ ವಿಭಾಗ ಇರಲೇಬೇಕು ಅಂತ ಇಲ್ಲ. ಹಳೆಯ ಯಂತ್ರಗಳ ವಿಭಾಗಕ್ಕೋ, ಯಾವ ಯಂತ್ರವಾದರೂ ಸೈ ಅನ್ನುವ ‘ವೈಲ್ಡ್’ ವಿಭಾಗಕ್ಕೋ ಹೋಗಬೇಕಾಗಬಹುದು. ಅನುಮಾನ ಇದ್ದರೆ ಸಂಘಟಕರಿಗೆ ಬರೆದು ಕೇಳಿ. ಅವರೂ ನಮ್ಮ ಹಾಗೆ ಹವ್ಯಾಸಿಗಳೇ.

‘ಮಲ್ಟಿಬೂಟ್’ ಅನ್ನುವ ಪದ ಕಂಡರೆ ಹುಷಾರಾಗಿರಿ. ಕಾರ್ಟ್ರಿಜ್ (ಕನ್ಸೋಲ್‌ಗೆ ಸಿಕ್ಕಿಸುವ ಆಟದ ಡಬ್ಬಿ) ಇಲ್ಲದೆ ಕೇಬಲ್ ಮೂಲಕ ಪ್ರೋಗ್ರಾಂ ಕಳಿಸಿ ಓಡಿಸುವ ವಿಧಾನ ಅದು. ಪ್ರೋಗ್ರಾಂ 256 ಕೆಬಿ ಇ-ವರ್ಕ್ ರ್ಯಾಮ್ ಒಳಗೇ ಕೂರಬೇಕು. ಫೈಲ್ 250 ಕೆಬಿ ಇದೆ, ಹಾಗಾಗಿ ಪಾಸ್ ಅಂತ ಅಂದುಕೊಳ್ಳಬೇಡಿ. ಓಡುವಾಗ ಬೇಕಾಗುವ ಜಾಗವನ್ನೂ ನೀವು ಅದೇ ಮೆಮೊರಿಯಲ್ಲಿ ಕೇಳಿದ್ದರೆ ಎರಡೂ ಸೇರಿ ಮಿತಿ ದಾಟುತ್ತದೆ. ಮಲ್ಟಿಬೂಟ್‌ಗೆ ಬಿಲ್ಡ್ ಮಾಡುವ, ಅಂದರೆ ಕೋಡ್‌ನಿಂದ ಓಡುವ ಫೈಲ್ ತಯಾರಿಸುವ, ಸೆಟ್ಟಿಂಗ್ ಕೂಡ ಬೇರೆ. ಅದನ್ನು ಮೊದಲ ವಾರವೇ ಬದಲಾಯಿಸಿಕೊಳ್ಳಿ.

2. ಟೂಲ್ ಹಾಕಿ, ಒಂದು ಚುಕ್ಕೆ ಬಿಡಿಸಿ

ಡೆವ್‌ಕಿಟ್‌ಪ್ರೊ ಇನ್‌ಸ್ಟಾಲ್ ಮಾಡಿ, ಅದರ ಜೊತೆ ಬರುವ ಉದಾಹರಣೆಗಳಲ್ಲಿ ಒಂದನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಕೊಂಡು ಬಿಲ್ಡ್ ಮಾಡಿ. ಎಮ್ಯುಲೇಟರ್‌ನಲ್ಲಿ ತೆರೆಯಿರಿ. ಇದು ಆಗುವವರೆಗೆ ನಿಮ್ಮ ಸ್ವಂತ ಕೋಡ್ ಒಂದು ಸಾಲೂ ಬರೆಯಬೇಡಿ.

ವಿಂಡೋಸ್‌ನಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಫೋಲ್ಡರ್ ಹೆಸರಿನಲ್ಲಿ. ದಾರಿಯಲ್ಲಿ ಎಲ್ಲೇ ಆಗಲಿ ಖಾಲಿ ಜಾಗ ಇದ್ದರೆ ಬಿಲ್ಡ್ ನಡೆಸುವ ‘ಮೇಕ್’ ಟೂಲ್ ಕೈಕೊಡುತ್ತದೆ. ನಿಮ್ಮ ಯೂಸರ್ ಹೆಸರಲ್ಲೇ ಖಾಲಿ ಜಾಗ ಇದ್ದರೆ ಡೆಸ್ಕ್‌ಟಾಪ್ ಮೇಲೆ ಇಟ್ಟ ಯಾವ ಪ್ರಾಜೆಕ್ಟೂ ಬಿಲ್ಡ್ ಆಗುವುದಿಲ್ಲ. ಸಿ ಡ್ರೈವ್‌ನ ಬುಡದಲ್ಲಿ ಒಂದು ಚಿಕ್ಕ ಹೆಸರಿನ ಫೋಲ್ಡರ್ ಮಾಡಿ, ಅಲ್ಲೇ ಎಲ್ಲ ಇಡಿ.

ಆಮೇಲೆ ಪರದೆಯ ಮೋಡ್ ಆರಿಸಬೇಕು. ಈ ಯಂತ್ರದಲ್ಲಿ 0ರಿಂದ 5ರವರೆಗೆ ಆರು ಮೋಡ್ ಇವೆ. ಮೊದಲ ಮೂರು ಹಾಸುಗಲ್ಲಿನಂತೆ ಚೌಕ ಚೌಕ ಜೋಡಿಸುವ ಟೈಲ್ ಮೋಡ್‌ಗಳು, ಆಟಗಳಿಗೆ ಅವೇ ಬೇಕು. ಉಳಿದ ಮೂರರಲ್ಲಿ ಚುಕ್ಕೆ ಚುಕ್ಕೆಯಾಗಿ ಬಿಡಿಸಬಹುದು. ನಮಗೆ ಬೇಕಾದ್ದು ಮೋಡ್ 4. ಇದರಲ್ಲಿ ಪ್ರತಿ ಚುಕ್ಕೆಗೂ ಒಂದು ಬೈಟ್, ಆ ಬೈಟ್ 256 ಬಣ್ಣಗಳ ಪ್ಯಾಲೆಟ್‌ನಲ್ಲಿ ಎಷ್ಟನೆಯದು ಅಂತ ಹೇಳುತ್ತದೆ. ಒಂದು ಪರದೆಗೆ 38,400 ಬೈಟ್, ಅಂಥ ಎರಡು ಪುಟ ಇವೆ. ಒಂದು ಪುಟ ಕಾಣುತ್ತಿರುವಾಗ ಇನ್ನೊಂದರಲ್ಲಿ ಬಿಡಿಸಿ, ಆಮೇಲೆ ಅದಲುಬದಲು ಮಾಡುವುದು. ಇದೇ ಡಬಲ್ ಬಫರಿಂಗ್.

ಇಲ್ಲಿ ಮೂರು ಗುಂಡಿಗಳಿವೆ, ಎಲ್ಲರೂ ಬೀಳುತ್ತಾರೆ.

ಮೊದಲನೆಯದು, ವಿಡಿಯೊ ಮೆಮೊರಿಗೆ ಒಂದೇ ಬೈಟ್ ಬರೆಯಲು ಆಗುವುದಿಲ್ಲ. ಬರೆದರೆ ಅದೇ ಬೆಲೆ ಪಕ್ಕದ ಚುಕ್ಕೆಗೂ ಹೋಗಿ ಕೂರುತ್ತದೆ. ಗೆರೆಗಳು ದಪ್ಪಗೆ, ಹಲ್ಲು ಹಲ್ಲಾಗಿ ಕಂಡರೆ ಕಾರಣ ಇದೇ. ಯಾವಾಗಲೂ ಎರಡು ಚುಕ್ಕೆ ಸೇರಿಸಿ 16 ಬಿಟ್ ಆಗಿ ಬರೆಯಿರಿ.

ಎರಡನೆಯದು ಬಣ್ಣ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 5 ಬಿಟ್, ಅಂದರೆ 0ರಿಂದ 31. ಕೆಂಪು ಕೆಳಗಿನ ಬಿಟ್‌ಗಳಲ್ಲಿ, ನೀಲಿ ಮೇಲಿನ ಬಿಟ್‌ಗಳಲ್ಲಿ. ಕೇಸರಿ ಹಾಕಿದ ಕಡೆ ನೀಲಿ ಬಂದರೆ ಕ್ರಮ ಉಲ್ಟಾ ಆಗಿದೆ ಅಂತ ಅರ್ಥ.

ಮೂರನೆಯದು, ಪರದೆ ಪೂರ್ತಿ ಬಿಡಿಸಿ ಮುಗಿದು ಮುಂದಿನ ಫ್ರೇಮ್ (ಒಂದು ಸಲದ ಪೂರ್ತಿ ಚಿತ್ರ) ಶುರುವಾಗುವವರೆಗಿನ ಬಿಡುವಿಗೆ ‘ವಿಬ್ಲ್ಯಾಂಕ್’ ಅನ್ನುತ್ತಾರೆ. ಅದಕ್ಕೆ ಕಾಯುವ ಬಯಾಸ್ ಫಂಕ್ಷನ್ ಇದೆ. ಇಂಟರಪ್ಟ್ (ಹಾರ್ಡ್‌ವೇರ್ ಚಿಪ್‌ಗೆ ಕೊಡುವ ಕರೆ) ಆನ್ ಮಾಡದೆ ಅದನ್ನು ಕರೆದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. "ಪರದೆ ಖಾಲಿ, ಏನೂ ಆಗ್ತಿಲ್ಲ" ಅಂತ ಬರೆಯುವವರಿಗೆ ನಾನು ಮೊದಲು ಕೇಳುವುದೇ ಇದನ್ನು.

3. ಎಫೆಕ್ಟ್ ಆರಿಸಿ, ಕಾಗದದ ಮೇಲೆ ಲೆಕ್ಕ ಹಾಕಿ

ಇಡೀ ಕೆಲಸದ ತಿರುಳು ಇದೇ ಹಂತ. ಅವಸರ ಬೇಡ.

ಒಂದು ಫ್ರೇಮ್‌ಗೆ ನಿಮ್ಮ ಕೈಯಲ್ಲಿರುವುದು 280,896 ಸೈಕಲ್. ಸೈಕಲ್ ಅಂದರೆ ಚಿಪ್‌ನ ಒಂದು ಬಡಿತ. ಇದು ಬಂದದ್ದು ಹೀಗೆ: ಪರದೆಯಲ್ಲಿ ಕಾಣುವ ಸಾಲು 160, ವಿಬ್ಲ್ಯಾಂಕ್‌ನ ಸಾಲು 68, ಒಟ್ಟು 228. ಒಂದೊಂದು ಸಾಲಿಗೂ 1,232 ಸೈಕಲ್. ಇಂಥ ಫ್ರೇಮ್ ಸೆಕೆಂಡಿಗೆ ಸುಮಾರು 59.73 ಬರುತ್ತವೆ.

ಈಗ ಪರದೆಯ 38,400 ಚುಕ್ಕೆಗಳನ್ನೂ ಪ್ರತಿ ಫ್ರೇಮ್ ಹೊಸದಾಗಿ ಬಿಡಿಸಬೇಕು ಅಂದುಕೊಳ್ಳಿ. ಒಂದು ಚುಕ್ಕೆಗೆ ಸಿಗುವುದು ಏಳು ಸೈಕಲ್ ಚಿಲ್ಲರೆ. ಮೆಮೊರಿಯಿಂದ ಒಂದು ಸಲ ಓದಿ ಒಂದು ಸಲ ಬರೆಯುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ಅದೇ 120×80 ಚುಕ್ಕೆ ಮಾತ್ರ ಲೆಕ್ಕ ಹಾಕಿದರೆ? ಒಟ್ಟು 9,600 ಚುಕ್ಕೆ, ಒಂದಕ್ಕೆ 29 ಸೈಕಲ್. ಇಷ್ಟರಲ್ಲಿ ಏನಾದರೂ ಮಾಡಬಹುದು, ಅಲ್ವಾ?

ಆದರೆ ಚಿತ್ರ ಪರದೆಯ ಕಾಲು ಭಾಗಕ್ಕೆ ಬರುತ್ತದಲ್ಲ ಅಂತ ಕೇಳಬಹುದು. ದೊಡ್ಡದು ಮಾಡುವ ಕೆಲಸವನ್ನು ಯಂತ್ರಕ್ಕೇ ಬಿಡಿ. ಮೋಡ್ 4ರ ಚಿತ್ರ ಕೂತಿರುವುದು ಬ್ಯಾಕ್‌ಗ್ರೌಂಡ್ 2ರ ಮೇಲೆ. ಅದನ್ನು ತಿರುಗಿಸಲು, ಹಿಗ್ಗಿಸಲು, ಕುಗ್ಗಿಸಲು ಹಾರ್ಡ್‌ವೇರ್‌ನಲ್ಲೇ ಸೌಲಭ್ಯ ಇದೆ. ಅದರ ಎರಡು ಅಳತೆ ರಿಜಿಸ್ಟರ್‌ಗಳಲ್ಲಿ 256 ಅಂದರೆ ಇದ್ದಷ್ಟೇ. ಎರಡರಲ್ಲೂ 128 ಬರೆದರೆ ಚಿತ್ರ ಎರಡು ಪಟ್ಟಾಗುತ್ತದೆ. ಮೇಲಿನ ಎಡ ಮೂಲೆಯಲ್ಲಿ 120×80 ಬಿಡಿಸಿ, ಪರದೆ ತುಂಬ ಕಾಣುತ್ತದೆ. ಇದಕ್ಕೆ ಚಿಪ್‌ನ ಒಂದು ಸೈಕಲ್ ಕೂಡ ಹೋಗುವುದಿಲ್ಲ. ಒಂದೇ ಎಚ್ಚರ, ಪ್ರತಿ ಸಾಲು ಮುಗಿದ ಮೇಲೆ ಮುಂದಿನ ಸಾಲಿಗೆ ಹೋಗಲು 120 ಅಲ್ಲ, 240 ಬೈಟ್ ಮುಂದೆ ಹೋಗಬೇಕು.

ಎಫೆಕ್ಟ್‌ಗೆ ಪ್ಲಾಸ್ಮಾ ತೆಗೆದುಕೊಳ್ಳೋಣ. ನೀರಿನಲ್ಲಿ ಬಣ್ಣ ಕದಡಿದಂತೆ ಅಲೆ ಅಲೆಯಾಗಿ ಓಡುವ ಚಿತ್ರ ಅದು, ಡೆಮೊಗಳಲ್ಲಿ ಬಹಳ ಹಳೆಯದು. ಪ್ರತಿ ಚುಕ್ಕೆಯಲ್ಲೂ ಎರಡು ಮೂರು ಸೈನ್ ಅಲೆಗಳನ್ನು ಕೂಡಿಸಿದರೆ ಬಣ್ಣದ ನಂಬರ್ ಬಂತು.

ಸೈನ್ ಲೆಕ್ಕವನ್ನು ಓಡುವಾಗ ಮಾಡಬೇಡಿ. ಲ್ಯಾಪ್‌ಟಾಪ್‌ನಲ್ಲೇ 256 ಬೆಲೆಗಳ ಪಟ್ಟಿ ತಯಾರಿಸಿ ಕೋಡ್‌ಗೆ ಸೇರಿಸಿ. ಒಂದು ಸುತ್ತಿಗೆ 360 ಡಿಗ್ರಿ ಬದಲು 256 ಮೆಟ್ಟಿಲು ಇಟ್ಟುಕೊಂಡರೆ ಕೋನ ಒಂದು ಬೈಟ್‌ನಲ್ಲಿ ಹಿಡಿಯುತ್ತದೆ, 255 ದಾಟಿದ ಕೂಡಲೇ ತಾನಾಗಿ 0ಗೆ ಬರುತ್ತದೆ, ಎಲ್ಲೂ ಹೋಲಿಸಿ ನೋಡಬೇಕಾಗಿಲ್ಲ. ದಶಾಂಶ ಬೇಕಾದ ಕಡೆ ಸಂಖ್ಯೆಯನ್ನು 256ರಿಂದ ಗುಣಿಸಿ ಇಟ್ಟುಕೊಳ್ಳಿ, ಬೇಕಾದಾಗ ಎಂಟು ಬಿಟ್ ಬಲಕ್ಕೆ ಸರಿಸಿ. ಇದೇ ಫಿಕ್ಸೆಡ್ ಪಾಯಿಂಟ್. ಹೆಸರು ಕೇಳಿ ಹೆದರಬೇಡಿ, ರೂಪಾಯಿ ಲೆಕ್ಕವನ್ನು ಪೈಸೆಯಲ್ಲಿ ಬರೆದಿಟ್ಟುಕೊಂಡರೂ ಇದನ್ನೇ ಮಾಡಿದ ಹಾಗೆ.

ಈಗ ಮುಖ್ಯ ಉಪಾಯ. ಪ್ರತಿ ಚುಕ್ಕೆಗೂ ಎರಡು ಸಲ ಸೈನ್ ಪಟ್ಟಿ ನೋಡಿದರೆ ಒಂದು ಫ್ರೇಮ್‌ಗೆ 19,200 ಸಲ ನೋಡಿದಂತಾಯಿತು. ಆದರೆ ಅಡ್ಡ ಅಲೆ ಅಡ್ಡ ಜಾಗವನ್ನು ಮಾತ್ರ ಅವಲಂಬಿಸಿದೆ, ಉದ್ದ ಅಲೆ ಸಾಲನ್ನು ಮಾತ್ರ. ಹಾಗಿದ್ದಮೇಲೆ ಫ್ರೇಮ್ ಶುರುವಿನಲ್ಲೇ 120 ಕಾಲಂಗಳ ಬೆಲೆ, 80 ಸಾಲುಗಳ ಬೆಲೆ ಲೆಕ್ಕ ಹಾಕಿ ಎರಡು ಪಟ್ಟಿ ಮಾಡಿಟ್ಟುಕೊಳ್ಳಿ. ಬರೀ 200 ಸಲ ನೋಡಿದರೆ ಸಾಕು. ಒಳಗಿನ ಲೂಪ್‌ನಲ್ಲಿ ಉಳಿಯುವುದು ಒಂದು ಕೂಡುವುದು, ಎರಡು ಚುಕ್ಕೆ ಜೋಡಿಸುವುದು, ಬರೆಯುವುದು.

ಇಷ್ಟೇ ಮಾಡಿದರೆ ಚಿತ್ರ ಚೌಕಳಿ ಬಟ್ಟೆಯ ಹಾಗೆ ಕಾಣುತ್ತದೆ, ಜೀವ ಇರುವುದಿಲ್ಲ. ಕಾಲಂ ಪಟ್ಟಿಯನ್ನು 120ರ ಬದಲು 200 ಉದ್ದಕ್ಕೆ ಮಾಡಿ, ಪ್ರತಿ ಸಾಲಿನಲ್ಲೂ ಬೇರೆ ಬೇರೆ ಜಾಗದಿಂದ ಓದಲು ಶುರು ಮಾಡಿ. ಎಲ್ಲಿಂದ ಅನ್ನುವುದನ್ನು ಇನ್ನೊಂದು ಸೈನ್ ಅಲೆ ಹೇಳಲಿ. ತಕ್ಷಣ ಅಲೆಗಳು ಬಳುಕಲು ಶುರು ಮಾಡುತ್ತವೆ. ಸಾಲಿಗೆ ಒಂದೇ ಲೆಕ್ಕ ಹೆಚ್ಚಾಯಿತು, ಆದರೆ ಕಾಣುವ ವ್ಯತ್ಯಾಸ ಬಹಳ. ನನಗೆ ಈ ಹವ್ಯಾಸದಲ್ಲಿ ಇಷ್ಟವಾಗುವುದು ಇಂಥ ಜಾಗಗಳೇ.

ಪ್ಯಾಲೆಟ್ ಬಗ್ಗೆ ಒಂದು ಮಾತು. ಮೊದಲ ಬಣ್ಣ ಮತ್ತು ಕೊನೆಯ ಬಣ್ಣ ಒಂದಕ್ಕೊಂದು ಹತ್ತಿರ ಇರಲಿ, ಇಲ್ಲದಿದ್ದರೆ ಅಲೆಯ ನಡುವೆ ಕತ್ತರಿಸಿದಂತೆ ಗೆರೆ ಬರುತ್ತದೆ. ಇನ್ನೊಂದು, ಚಿತ್ರ ಮುಟ್ಟದೆ ಬರೀ 256 ಬಣ್ಣಗಳನ್ನು ಒಂದೊಂದು ಮನೆ ಸರಿಸಿದರೂ ಪರದೆ ಓಡಿದಂತೆ ಕಾಣುತ್ತದೆ. ಅದಕ್ಕೆ ಬರೆಯಬೇಕಾದ್ದು 512 ಬೈಟ್ ಮಾತ್ರ. ಪ್ಲಾಸ್ಮಾ ಕಷ್ಟ ಅನಿಸಿದರೆ ಇದರಿಂದಲೇ ಶುರು ಮಾಡಿ.

4. ವೇಗ ಸಾಲದಿದ್ದರೆ

ಊಹೆ ಮಾಡಬೇಡಿ, ಅಳೆಯಿರಿ. ಈಗ ಯಾವ ಸಾಲು ಬಿಡಿಸುತ್ತಿದ್ದೇನೆ ಅಂತ ಹೇಳುವ ರಿಜಿಸ್ಟರ್ ಒಂದಿದೆ. ಎಫೆಕ್ಟ್ ಶುರುವಾಗುವಾಗ ಒಮ್ಮೆ, ಮುಗಿದಾಗ ಒಮ್ಮೆ ಓದಿ. ವ್ಯತ್ಯಾಸವನ್ನು 1,232ರಿಂದ ಗುಣಿಸಿದರೆ ಖರ್ಚು ಗೊತ್ತಾಯಿತು. 227 ಆದ ಮೇಲೆ ಮತ್ತೆ 0ಯಿಂದ ಎಣಿಸುತ್ತದೆ ಅನ್ನುವುದು ನೆನಪಿರಲಿ.

ಕೋಡ್ ಸಾಮಾನ್ಯವಾಗಿ ಕಾರ್ಟ್ರಿಜ್‌ನಿಂದ ಓಡುತ್ತದೆ. ಅಲ್ಲಿಗೆ ಹೋಗುವ ದಾರಿ 16 ಬಿಟ್ ಅಗಲ, ಜೊತೆಗೆ ಕಾಯಬೇಕು ಬೇರೆ. ಅದಕ್ಕೇ ಬಹುಪಾಲು ಕೋಡ್ ಅನ್ನು ‘ಥಂಬ್’ ಅನ್ನುವ 16 ಬಿಟ್ ಆಜ್ಞೆಗಳಲ್ಲಿ ಇಡುತ್ತಾರೆ. ಒಳಗಿನ ಲೂಪ್ ಒಂದನ್ನು ಮಾತ್ರ ಐ-ವರ್ಕ್ ರ್ಯಾಮ್‌ಗೆ ಹಾಕಿ, 32 ಬಿಟ್ ಎಆರ್‌ಎಂ ಆಜ್ಞೆಗಳಲ್ಲಿ ಕಂಪೈಲ್ ಮಾಡಿಸಿ. ಕಾಲಂ ಪಟ್ಟಿ, ಸೈನ್ ಪಟ್ಟಿಯನ್ನೂ ಅಲ್ಲೇ ಇಡಿ. ಇಷ್ಟು ಮಾಡಿದರೆ ಅಸೆಂಬ್ಲಿ ಬರೆಯುವ ಅಗತ್ಯವೇ ಬೀಳದಿರಬಹುದು. ಎಲ್ಲವನ್ನೂ ಅಲ್ಲಿಗೆ ತುಂಬಬೇಡಿ, ಇರುವುದು 32 ಕೆಬಿ, ಸ್ಟ್ಯಾಕ್ ಕೂಡ ಅಲ್ಲೇ ಇದೆ.

ಕಾರ್ಟ್ರಿಜ್ ಕಾಯುವಿಕೆಯನ್ನು ಕಡಿಮೆ ಮಾಡುವ ರಿಜಿಸ್ಟರ್ ಕೂಡ ಇದೆ. ಯಂತ್ರ ಆನ್ ಆದಾಗ ಅದು ಬಹಳ ನಿಧಾನದ ಸೆಟ್ಟಿಂಗ್‌ನಲ್ಲಿರುತ್ತದೆ. ಮೊದಲ ಓದಿಗೆ 3 ಸೈಕಲ್, ಮುಂದಿನದಕ್ಕೆ 1 ಸೈಕಲ್ ಕಾಯುವಂತೆ ಇಟ್ಟು, ಪ್ರಿಫೆಚ್ (ಮುಂದಿನ ಆಜ್ಞೆಗಳನ್ನು ಮೊದಲೇ ಓದಿಟ್ಟುಕೊಳ್ಳುವುದು) ಆನ್ ಮಾಡಿದರೆ ಒಂದೇ ಸಾಲಿನ ಕೋಡ್‌ನಿಂದ ಒಳ್ಳೆಯ ಲಾಭ.

ಅಷ್ಟಾದರೂ ಒಂದು ಫ್ರೇಮ್‌ನಲ್ಲಿ ಮುಗಿಯುತ್ತಿಲ್ಲವೇ? ಎರಡು ಫ್ರೇಮ್‌ಗೆ ಒಂದು ಚಿತ್ರ ಮಾಡಿ. ಸೆಕೆಂಡಿಗೆ 30 ಚಿತ್ರ ಒಂದೇ ಸಮನಾಗಿ ಬಂದರೆ ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ಒಮ್ಮೆ 60, ಒಮ್ಮೆ 30 ಅಂತ ಕುಂಟುವುದೇ ಕೆಟ್ಟದ್ದು.

5. ಸಂಗೀತ

ಮ್ಯಾಕ್ಸ್‌ಮಾಡ್ ಅನ್ನುವ ಲೈಬ್ರರಿ ಡೆವ್‌ಕಿಟ್‌ಪ್ರೊದಲ್ಲೇ ಸಿಗುತ್ತದೆ. ಟ್ರ್ಯಾಕರ್‌ನಲ್ಲಿ ಮಾಡಿದ ಮಾಡ್, ಎಸ್3ಎಂ, ಎಕ್ಸ್‌ಎಂ, ಐಟಿ ಫೈಲ್‌ಗಳನ್ನು ನುಡಿಸುತ್ತದೆ. ಟ್ರ್ಯಾಕರ್ ಅಂದರೆ ಚಿಕ್ಕ ಚಿಕ್ಕ ಧ್ವನಿ ತುಣುಕುಗಳನ್ನು ಸಾಲು ಸಾಲಾಗಿ ಬರೆದು ಹಾಡು ಕಟ್ಟುವ ಸಾಫ್ಟ್‌ವೇರ್. ಚಾನೆಲ್ (ಒಟ್ಟಿಗೆ ನುಡಿಯುವ ಧ್ವನಿಗಳು) ಜಾಸ್ತಿಯಾದಷ್ಟೂ ಚಿಪ್‌ಗೆ ಭಾರ. ಮೊದಲ ಡೆಮೊಗೆ ಆರರಿಂದ ಎಂಟು ಚಾನೆಲ್ ಧಾರಾಳವಾಯಿತು.

ಇಲ್ಲಿಯ ಗುಂಡಿ ಇದು. ಈ ಲೈಬ್ರರಿಯನ್ನು ಪ್ರತಿ ಫ್ರೇಮ್‌ಗೂ ತಪ್ಪದೆ ಒಮ್ಮೆ ಕರೆಯಬೇಕು. ನಿಮ್ಮ ಎಫೆಕ್ಟ್ ಎರಡು ಫ್ರೇಮ್ ತೆಗೆದುಕೊಳ್ಳುತ್ತಿದ್ದು, ಮುಖ್ಯ ಲೂಪ್‌ನ ಕೊನೆಯಲ್ಲಿ ಮಾತ್ರ ಕರೆದರೆ ಹಾಡು ತೊದಲುತ್ತದೆ. ವಿಬ್ಲ್ಯಾಂಕ್ ಇಂಟರಪ್ಟ್ ಒಳಗಿನಿಂದಲೇ ಕರೆಯುವಂತೆ ಹೊಂದಿಸಿ, ತೊಂದರೆ ಹೋಗುತ್ತದೆ.

ಸಿನಿಮಾ ಹಾಡು ಬೇಡ. ಹಕ್ಕಿನ ಗಲಾಟೆಯಿಂದ ಹೊರಗೆ ಹಾಕುತ್ತಾರೆ, ಹಾಕಬೇಕಾದ್ದೇ. ನಿಮ್ಮ ಸಂಘದ ಕಾರ್ಯಕ್ರಮದಲ್ಲಿ ಡೊಳ್ಳು ಬಾರಿಸುವವರು ಇದ್ದರೆ ಅವರನ್ನು ಕೇಳಿ ಒಂದು ಹೊಡೆತ ಫೋನ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಒಂದೇ ಹೊಡೆತದ ತುಣುಕಿನಿಂದ ಇಡೀ ತಾಳ ಕಟ್ಟಬಹುದು. ಆದರೆ ಯಂತ್ರದ ಪುಟ್ಟ ಸ್ಪೀಕರ್‌ನಲ್ಲಿ ಮಂದ್ರ ಕೇಳಿಸುವುದೇ ಇಲ್ಲ. ಡೊಳ್ಳಿನ ಗುಮ್ ಜೊತೆಗೆ ಕೋಲು ತಾಗುವ ಚಟ್ ಕೂಡ ತುಣುಕಿನಲ್ಲಿ ಉಳಿಯುವಂತೆ ನೋಡಿಕೊಳ್ಳಿ.

ಸಂಗೀತದ ಯಾವ ಜಾಗದಲ್ಲಿ ಬಣ್ಣ ಬದಲಾಗಬೇಕು ಅನ್ನುವುದನ್ನು ಸೆಕೆಂಡಿನಲ್ಲಿ ಎಣಿಸಬೇಡಿ. ಹಾಡಿನೊಳಗೇ ಒಂದು ವಿಶೇಷ ಆಜ್ಞೆ ಬರೆದರೆ ಆ ಜಾಗ ಬಂದಾಗ ಮ್ಯಾಕ್ಸ್‌ಮಾಡ್ ನಿಮ್ಮ ಕೋಡ್‌ಗೆ ಸುದ್ದಿ ಕೊಡುತ್ತದೆ. ತಾಳಕ್ಕೆ ಸರಿಯಾಗಿ ಬಣ್ಣ ಬದಲಾದರೆ ಒಂದೇ ಎಫೆಕ್ಟ್ ಇದ್ದರೂ ಎರಡು ನಿಮಿಷ ನೋಡಿಸಿಕೊಳ್ಳುತ್ತದೆ. ಜೋರಾಗಿ ಮಿನುಗುವ ಬಿಳಿ-ಕಪ್ಪು ಮಾತ್ರ ಬೇಡ. ಮೂರ್ಛೆರೋಗ ಇರುವವರಿಗೆ ಅಪಾಯ.

6. ಪರದೆಯ ಮೇಲೆ ಕನ್ನಡ

ಕನ್ನಡ ಅಕ್ಷರ ಹಾಕಬಹುದಾ ಅಂತ ಬಹಳ ಜನ ಕೇಳಿದ್ದಾರೆ. ಖಂಡಿತ ಹಾಕಿ. ಆದರೆ ಪಾಠಗಳಲ್ಲಿ ಹೇಳುವ 8×8 ಚೌಕದ ಫಾಂಟ್ ವಿಧಾನ ನಮಗೆ ಆಗುವುದಿಲ್ಲ. ಗುಣಿತ, ಒತ್ತಕ್ಷರ ಸೇರಿದಾಗ ಅಗಲವೂ ಎತ್ತರವೂ ಬದಲಾಗುತ್ತದೆ. ‘ರಾಷ್ಟ್ರ’ ಅಂತ ಬರೆದು ನೋಡಿ, ಷ ಕೆಳಗೆ ಎರಡು ಒತ್ತು ಬರಬೇಕು. ಅದನ್ನೆಲ್ಲ ಜೋಡಿಸುವ ಕೋಡ್ ಬರೆಯುತ್ತ ಕೂತರೆ ಡೆಮೊ ಮುಗಿಯುವುದಿಲ್ಲ.

ಸುಲಭದ ದಾರಿ, ಇಡೀ ಸಾಲನ್ನು ಲ್ಯಾಪ್‌ಟಾಪ್‌ನಲ್ಲೇ ಚಿತ್ರ ಮಾಡಿಬಿಡುವುದು. 24 ಚುಕ್ಕೆ ಎತ್ತರ ಇಟ್ಟುಕೊಂಡರೆ ಒತ್ತಕ್ಷರಗಳು ಉಸಿರಾಡುತ್ತವೆ. 2,000 ಚುಕ್ಕೆ ಉದ್ದದ ಸಾಲಿಗೆ, ಒಂದು ಚುಕ್ಕೆಗೆ ಒಂದು ಬಿಟ್ ಲೆಕ್ಕದಲ್ಲಿ, ಬರೀ 6,000 ಬೈಟ್ ಸಾಕು. ನೋಟೊ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಬಳಸಿ, ಪರವಾನಗಿಯನ್ನು ಟಿಪ್ಪಣಿಯಲ್ಲಿ ಹೇಳಿ. ಈ ಅಳತೆಯಲ್ಲಿ ತೆಳು ಗೆರೆಗಳು ಅಲ್ಲಲ್ಲಿ ಹರಿದಂತೆ ಕಾಣುತ್ತವೆ, ಮ ಮತ್ತು ಯ ಅಕ್ಷರಗಳ ಒಳಸುಳಿ ಮುಚ್ಚಿಹೋಗುತ್ತದೆ. ಒಂದೊಂದನ್ನೂ ದೊಡ್ಡದು ಮಾಡಿ ಕೈಯಿಂದ ಚುಕ್ಕೆ ಸೇರಿಸಿ, ತೆಗೆದು ಸರಿಮಾಡಿ. ಒಂದು ಸಂಜೆಯ ಕೆಲಸ, ಆದರೆ ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಹೊರಗಿನವರಿಗೆ ಓದಲು ಬರದಿದ್ದರೂ ಲಿಪಿಯ ದುಂಡು ಅಂದ ಪರದೆಯ ಮೇಲೆ ಚೆನ್ನಾಗಿ ಒಪ್ಪುತ್ತದೆ. ನಿಮ್ಮ ಹೆಸರು, ಡೆಮೊ ಹೆಸರು ಮಾತ್ರ ಇಂಗ್ಲಿಷ್‌ನಲ್ಲೂ ಇರಲಿ.

7. ನಿಜವಾದ ಯಂತ್ರದ ಮೇಲೆ ಓಡಿಸಿ

ಎಮ್ಯುಲೇಟರ್‌ನಲ್ಲಿ ಚೆನ್ನಾಗಿ ಕಂಡದ್ದು ಕೈಯಲ್ಲಿ ಹಿಡಿದಾಗ ಬೇರೆಯೇ ಆಗಿರುತ್ತದೆ. ಮುಖ್ಯ ಕಾರಣ ಪರದೆ. 2001ರ ಮೊದಲ ಮಾಡೆಲ್‌ಗೆ ಹಿಂದಿನ ಬೆಳಕೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಚಂದ ಕಾಣುವ ಗಾಢ ನೇರಳೆ, ಕಡು ಕೆಂಪು ಅಲ್ಲಿ ಬರೀ ಕಪ್ಪು. ಬಣ್ಣಗಳನ್ನು ನಿಮಗೆ ಅತಿ ಅನಿಸುವಷ್ಟು ತಿಳಿ ಮಾಡಿ. ಕನ್ಸೋಲ್ ಇಲ್ಲದಿದ್ದರೆ ಎಂಜಿಬಿಎಯಲ್ಲಿ ಹಳೆಯ ಪರದೆಯ ಬಣ್ಣ ತೋರಿಸುವ ಶೇಡರ್ (ಬಣ್ಣ ಬದಲಾಯಿಸುವ ಫಿಲ್ಟರ್) ಹಾಕಿ ನೋಡಿ.

ಕೊಳ್ಳುವುದಾದರೆ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಅಥವಾ ನಿಂಟೆಂಡೊ ಡಿಎಸ್ ಲೈಟ್ ಹುಡುಕಿ. ಡಿಎಸ್ ಲೈಟ್‌ನಲ್ಲಿ ಅಡ್ವಾನ್ಸ್ ಕಾರ್ಟ್ರಿಜ್ ಹಾಕುವ ಜಾಗ ಇದೆ, ಅದರ ನಂತರ ಬಂದ ಡಿಎಸ್‌ಐನಲ್ಲಿ ಇಲ್ಲ. ಎಸ್‌ಪಿಗೆ ಮಾಮೂಲಿ ಹೆಡ್‌ಫೋನ್ ಕಿಂಡಿ ಇಲ್ಲ, ಅಡಾಪ್ಟರ್ ಬೇಕು. ಮುಂಬೈಯವರು ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದುಕೊಂಡೇ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ವಿಚಾರಿಸಬಹುದು. ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಆದರೆ ಬಿಚ್ಚುವ ಮೂರು ಮೂಲೆಯ ಸ್ಕ್ರೂಡ್ರೈವರ್, ಬ್ಯಾಟರಿ, ಕ್ಲೀನ್ ಮಾಡುವ ದ್ರವ ಕೇಳಲು ಅದೇ ಜಾಗ. ಕೊಳ್ಳುವ ಮುಂಚೆ ಆನ್ ಮಾಡಿ ತೋರಿಸಿ ಅನ್ನಿ, ಎಸ್‌ಪಿ ಆದರೆ ಬ್ಯಾಟರಿ ಉಬ್ಬಿದೆಯಾ ಅಂತ ಮುಚ್ಚಳ ತೆಗೆದು ನೋಡಿ.

ನಿಮ್ಮ ಫೈಲ್ ಅನ್ನು ಯಂತ್ರಕ್ಕೆ ಹಾಕಲು ‘ಫ್ಲ್ಯಾಶ್ ಕಾರ್ಟ್ರಿಜ್’ ಬೇಕು. ಮೆಮೊರಿ ಕಾರ್ಡ್ ಹಾಕಿ ಬೇಕಾದ ಪ್ರೋಗ್ರಾಂ ಓಡಿಸುವ ಕಾರ್ಟ್ರಿಜ್ ಅದು. ಈಜಿ-ಫ್ಲ್ಯಾಶ್, ಎವರ್‌ಡ್ರೈವ್ ಹೆಸರಿನವು ಸಿಗುತ್ತವೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ತಡವೂ ಆಗಬಹುದು. ಸ್ಪರ್ಧೆಗೆ ಎರಡು ತಿಂಗಳು ಮುಂಚೆಯೇ ಹೇಳಿಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದ ತೇವಕ್ಕೆ ಕಾರ್ಟ್ರಿಜ್‌ನ ಲೋಹದ ಹಲ್ಲುಗಳು ಮಂಕಾಗುತ್ತವೆ. ಪರದೆ ಬಿಳಿಯಾಗಿ ನಿಂತರೆ ಕೋಡ್ ತಿದ್ದಲು ಹೋಗುವ ಮೊದಲು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಲ್ಲು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ. ಬಾಯಿಂದ ಊದಬೇಡಿ, ಉಗುಳಿನ ತೇವ ಇನ್ನೂ ಹಾಳು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮೊದಲ ಮಾಡೆಲ್ ಆದರೆ ಬಳಸದಿದ್ದಾಗ ಎರಡು ಎಎ ಸೆಲ್ ಹೊರಗೆ ತೆಗೆದಿಡಿ.

ಯಂತ್ರದಲ್ಲಿ ಮಾತ್ರ ಕೆಡುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು, ಮೊದಲು ಯಾವ ಸಂಖ್ಯೆಯನ್ನೂ ತುಂಬದೆ ಬಳಸಿದ ಮೆಮೊರಿ. ಅಲ್ಲಿ 0 ಇರುತ್ತದೆ ಅಂತ ನಂಬಬೇಡಿ. ಫ್ಲ್ಯಾಶ್ ಕಾರ್ಟ್ರಿಜ್‌ನ ಮೆನು ಅಲ್ಲಿ ಏನಾದರೂ ಬಿಟ್ಟು ಹೋಗಿರಬಹುದು.

8. ಕಳಿಸುವುದು

ಜಿಪ್ ಒಳಗೆ ಇರಬೇಕಾದ್ದು: ರೋಮ್ ಫೈಲ್ (ಬಿಲ್ಡ್ ಆಗಿ ಬಂದ ನಿಮ್ಮ ಡೆಮೊ), ಒಂದು ಟೆಕ್ಸ್ಟ್ ಟಿಪ್ಪಣಿ, ಒಂದು ಸ್ಕ್ರೀನ್‌ಶಾಟ್, ಸಾಧ್ಯವಾದರೆ ವಿಡಿಯೊ. ವಿಡಿಯೊ ಮಾಡುವಾಗ 240×160ನ್ನು ಪೂರ್ಣ ಪಟ್ಟಿನಲ್ಲೇ ದೊಡ್ಡದು ಮಾಡಿ. ಆರು ಪಟ್ಟು ಅಂದರೆ 1440×960, ದೊಡ್ಡ ಪರದೆಗೆ ಹೊಂದುತ್ತದೆ. ಅರ್ಧಂಬರ್ಧ ಪಟ್ಟಿನಲ್ಲಿ ಹಿಗ್ಗಿಸಿದರೆ ಚುಕ್ಕೆಗಳು ಒಂದು ದಪ್ಪ, ಒಂದು ತೆಳು ಆಗುತ್ತವೆ. ಫೈಲ್ ಹೆಸರು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗ ಇಲ್ಲದೆ ಇರಲಿ. ಟಿಪ್ಪಣಿಯಲ್ಲಿ ಯಾರು ಏನು ಮಾಡಿದರು, ಯಾವ ಯಂತ್ರದಲ್ಲಿ ಪರೀಕ್ಷಿಸಿದಿರಿ, ಎಷ್ಟು ನಿಮಿಷ ಓಡುತ್ತದೆ, ಕೊನೆಯಲ್ಲಿ ಏನಾಗುತ್ತದೆ ಅಂತ ಬರೆಯಿರಿ. ಕೊನೆಯಲ್ಲಿ ಕಪ್ಪಾಗಿ ನಿಲ್ಲಲಿ, ಅಥವಾ ಮೊದಲಿಂದ ಶುರುವಾಗಲಿ. ‘ಸ್ಟಾರ್ಟ್ ಒತ್ತಿ’ ಅಂತ ಕಾಯಿಸಬೇಡಿ, ಸಭೆಯ ಮುಂದೆ ಓಡಿಸುವವರ ಕೈಯಲ್ಲಿ ಹತ್ತಾರು ಡೆಮೊಗಳಿರುತ್ತವೆ.

ರೋಮ್ ಫೈಲ್‌ನ ತಲೆಭಾಗ (ಹೆಡರ್) ಸರಿಯಿಲ್ಲದಿದ್ದರೆ ನಿಜವಾದ ಯಂತ್ರ ಅದನ್ನು ಶುರುವೇ ಮಾಡುವುದಿಲ್ಲ. ಎಮ್ಯುಲೇಟರ್ ಸುಮ್ಮನೆ ಓಡಿಸಿಬಿಡಬಹುದು. ಡೆವ್‌ಕಿಟ್‌ಪ್ರೊದ ಜಿಬಿಎಫಿಕ್ಸ್ ಅನ್ನುವ ಟೂಲ್ ಇದನ್ನು ಸರಿಮಾಡುತ್ತದೆ. ಉದಾಹರಣೆಯ ಮೇಕ್‌ಫೈಲ್ ಬಳಸಿದ್ದರೆ ಅದು ತಾನಾಗಿ ನಡೆದಿರುತ್ತದೆ, ನಿಮ್ಮದೇ ಮೇಕ್‌ಫೈಲ್ ಆದರೆ ಮರೆಯಬೇಡಿ.

ಗಡುವಿನ ಗಂಟೆ ಯಾವ ದೇಶದ್ದು ಅಂತ ನೋಡಿ. ಜರ್ಮನಿಯ ಗಡಿಯಾರ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆ ಸಮಯದಲ್ಲಿ ಮೂರೂವರೆ ಗಂಟೆ ಹಿಂದೆ. ಅವರು ಗಡಿಯಾರ ಬದಲಾಯಿಸುವುದು ಮಾರ್ಚ್‌ನ ಕೊನೆಯ ಭಾನುವಾರ, ಈಸ್ಟರ್ ಕೆಲವು ವರ್ಷ ಅದರ ಆಸುಪಾಸಿನಲ್ಲೇ ಬರುತ್ತದೆ. ಫಿನ್ಲೆಂಡ್ ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ. ಲೆಕ್ಕ ಮಾಡಿ ನಮ್ಮ ಸಮಯವನ್ನು ಗೋಡೆಯ ಮೇಲೆ ಬರೆದಿಡಿ, ಅದಕ್ಕೂ ಒಂದು ದಿನ ಮುಂಚೆ ಒಂದು ಪ್ರತಿ ಅಪ್‌ಲೋಡ್ ಮಾಡಿಬಿಡಿ. ಗಡುವಿನವರೆಗೆ ಹೊಸ ಪ್ರತಿ ಹಾಕಲು ಸಾಮಾನ್ಯವಾಗಿ ಬಿಡುತ್ತಾರೆ. ಹಾಕಿದ್ದನ್ನು ಗೆಳೆಯರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಇಳಿಸಿ, ಬಿಚ್ಚಿ, ಕೊನೆಯವರೆಗೂ ಓಡಿಸಿ ನೋಡಿ.

ಸ್ಪರ್ಧೆ ಮುಗಿದ ಮೇಲೆ ಸಣ್ಣಪುಟ್ಟ ತಪ್ಪು ತಿದ್ದಿ ‘ಫೈನಲ್’ ಪ್ರತಿ ಬಿಡುವುದು ಇಲ್ಲಿನ ರೂಢಿ. ಅದನ್ನು ಪೂಯೆಟ್ ತಾಣದಲ್ಲಿ ಸೇರಿಸಿ, ಡೆಮೊಗಳ ದೊಡ್ಡ ಸಂಗ್ರಹ ಅದು. ಸೋರ್ಸ್ ಕೋಡ್ ಕೂಡ ಹಂಚುವುದಾದರೆ ಕೋಡ್‌ಗೆ, ಸಂಗೀತಕ್ಕೆ, ಫಾಂಟ್‌ಗೆ ಬೇರೆ ಬೇರೆ ಪರವಾನಗಿ ಬರೆಯಿರಿ. ಡೊಳ್ಳು ಬಾರಿಸಿಕೊಟ್ಟವರ ಹೆಸರನ್ನು ಅವರನ್ನು ಕೇಳಿಯೇ ಹಾಕಿ.